ಅಮೆರಿಕಾದಲ್ಲಿ ಒಕ್ಕೂಟ ಬಿಟ್ಟು ಹೋಗ್ತೀವಿ ಅಂದಿದ್ದು ದಕ್ಷಿಣದ ರಾಜ್ಯಗಳು ಮಾತ್ರಾನಾ?

ಅಲ್ಲ. ನಾನೂ ಮೊದ್ಲು ಹಂಗೇ ಅಂದ್ಕೊಂಡಿದ್ದೆ, ಸಿವಿಲ್ ವಾರ್ ಅಂದ್ರೆ ಸೌತ್‌ನವ್ರು ಬಿಟ್ಟು ಹೋದ್ರು, ನಾರ್ತ್‌ನವ್ರು ಹಿಡಿದು ನಿಲ್ಲಿಸಿದ್ರು, ಅಷ್ಟೇ ಅಂತ. ಆಮೇಲೆ ಕೆಲಸದ ಮೇಲೆ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಸ್ವಲ್ಪ ದಿನ ಇದ್ದೆ. ಊಟ ಆದ್ಮೇಲೆ ಒಂದು ರೌಂಡ್ ಹೋಗೋ ದಾರೀಲಿ ಓಲ್ಡ್ ಸ್ಟೇಟ್ ಹೌಸ್ ಅಂತ ಒಂದು ಹಳೇ ಇಟ್ಟಿಗೆ ಕಟ್ಟಡ, ಸುತ್ತ ಎತ್ತರದ ಆಫೀಸ್‌ಗಳ ಮಧ್ಯೆ ಸಿಕ್ಕಿಹಾಕ್ಕೊಂಡಂಗೆ ನಿಂತಿದೆ. ಅದರ ಕಥೆ ಏನು ಅಂತ ಹುಡುಕಕ್ಕೆ ಹೋಗಿ ಇದೆಲ್ಲ ಗೊತ್ತಾಗಿದ್ದು.

1814ರ ಡಿಸೆಂಬರ್ 15ರಿಂದ ಮೂರು ವಾರ ಆ ಕಟ್ಟಡದಲ್ಲಿ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ರೋಡ್ ಐಲೆಂಡ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಕಡೆಯ 26 ಜನ ಬಾಗಿಲು ಹಾಕ್ಕೊಂಡು ಕೂತು ಮಾತಾಡಿದ್ರು. ಎಲ್ರೂ ಫೆಡರಲಿಸ್ಟ್ ಪಕ್ಷದವ್ರು, ಅಂದ್ರೆ ಆಗಿನ ಸರ್ಕಾರದ ವಿರೋಧ ಪಕ್ಷ. ಒಳಗೆ ಏನು ನಡೀತಿದೆ ಅಂತ ಹೊರಗೆ ಯಾರಿಗೂ ಗೊತ್ತಿಲ್ಲ, ದೇಶ ಒಡೀತಾರೆ ಅನ್ನೋ ಗುಲ್ಲು ಬೇರೆ, ಪ್ರೆಸಿಡೆಂಟ್ ಮ್ಯಾಡಿಸನ್ ಕಡೆಯಿಂದ ಒಬ್ಬ ಸೇನಾಧಿಕಾರಿ ಬಂದು ಅದೇ ಊರಲ್ಲಿ ಇವರ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದ.

ಇವರಿಗೆ ಅಷ್ಟು ಸಿಟ್ಟು ಯಾಕೆ ಅಂದ್ರೆ, ಮೊದಲ್ನೇದು ಹೊಟ್ಟೆಪಾಡು. ನ್ಯೂ ಇಂಗ್ಲೆಂಡ್‌ನವ್ರು, ಅಂದ್ರೆ ಈಶಾನ್ಯದ ಈ ರಾಜ್ಯಗಳವ್ರು, ಬದುಕ್ತಿದ್ದಿದ್ದೇ ಹಡಗು, ಮೀನು, ವ್ಯಾಪಾರದ ಮೇಲೆ. 1807ರ ಕೊನೇಲಿ ಆಗಿನ ಪ್ರೆಸಿಡೆಂಟ್ ಜೆಫರ್ಸನ್, ಬ್ರಿಟನ್‌ಗೂ ಫ್ರಾನ್ಸ್‌ಗೂ ಬುದ್ಧಿ ಕಲಿಸ್ತೀನಿ ಅಂತ ಎಂಬಾರ್ಗೋ ಹಾಕಿ ವಿದೇಶಕ್ಕೆ ಹಡಗು ಹೋಗೋದನ್ನೇ ನಿಲ್ಲಿಸಿಬಿಟ್ಟ. ಒಂದೇ ವರ್ಷದಲ್ಲಿ ದೇಶದ ರಫ್ತು ಸುಮಾರು 108 ಮಿಲಿಯನ್ ಡಾಲರ್‌ನಿಂದ 22 ಮಿಲಿಯನ್‌ಗೆ ಇಳೀತು. ಆಗಿನ ಒಂದು ಕಾರ್ಟೂನಲ್ಲಿ ಆಮೆ ಒಂದು, ಬ್ಯಾರೆಲ್ ಹೊತ್ಕೊಂಡು ಹೋಗ್ತಿರೋ ವ್ಯಾಪಾರಿಯ ಹಿಂಭಾಗ ಕಚ್ಚಿ ಹಿಡಿದಿರುತ್ತೆ, ಅದನ್ನ 'ಓಗ್ರಾಬ್ಮಿ' ಅಂತ ಬೈತಾನೆ ಅವನು, ಇಂಗ್ಲಿಷ್‌ನಲ್ಲಿ ಎಂಬಾರ್ಗೋ ಪದವನ್ನ ಉಲ್ಟಾ ಓದಿದ್ರೆ ಅದೇ. ನನಗಂತೂ ಇಡೀ ಗಲಾಟೆ ಅರ್ಥ ಆಗಿದ್ದೇ ಆ ಚಿತ್ರದಿಂದ.

ಎರಡನೇದು, ನನ್ನ ಪ್ರಕಾರ ಇದೇ ಅಸಲಿ ವಿಷಯ, ಸೀಟಿನ ಲೆಕ್ಕ. ಸಂವಿಧಾನದಲ್ಲಿ ಗುಲಾಮರಿಗೆ ವೋಟು ಇಲ್ಲ, ಆದ್ರೆ ಸಂಸತ್ತಲ್ಲಿ ರಾಜ್ಯಗಳಿಗೆ ಸೀಟು ಹಂಚುವಾಗ ಐದು ಜನ ಗುಲಾಮರನ್ನ ಮೂರು ಜನ ಅಂತ ಲೆಕ್ಕ ಹಿಡೀತಿದ್ರು, ಅದರ ಲಾಭ ಪೂರ್ತಿ ಸೌತ್‌ನ ಯಜಮಾನರಿಗೆ. ಪ್ರೆಸಿಡೆಂಟ್‌ನ ಆರಿಸೋ ಎಲೆಕ್ಟೋರಲ್ ವೋಟುಗಳೂ ಈ ಸೀಟಿನ ಲೆಕ್ಕದ ಮೇಲೇನೇ. 1800ರ ಚುನಾವಣೇಲಿ ಅಂಥ ವೋಟು ಜೆಫರ್ಸನ್‌ಗೆ 73, ಮ್ಯಾಸಚೂಸೆಟ್ಸ್‌ನ ಆಡಮ್ಸ್‌ಗೆ 65. ಈ ಲೆಕ್ಕ ಇಲ್ದಿದ್ರೆ ನಮ್ಮವನೇ ಗೆಲ್ತಿದ್ದ ಅಂತ ಇವರ ಹೊಟ್ಟೆಯುರಿ. ಗುಲಾಮರ ಮೇಲಿನ ಕರುಣೆ ಅಂತ ತಿಳ್ಕೋಬೇಡಿ, ಕೆಲವರಿಗೆ ಇದ್ದಿರಬಹುದು, ಬಹಳಷ್ಟು ಮಟ್ಟಿಗೆ ಇದು ಕುರ್ಚಿ ಜಗಳ. ಮೇಲಿಂದ 1803ರಲ್ಲಿ ಫ್ರಾನ್ಸ್‌ನಿಂದ ಲೂಸಿಯಾನಾ ಅನ್ನೋ ದೊಡ್ಡ ಪ್ರದೇಶ ಕೊಂಡ್ಕೊಂಡ ಮೇಲೆ ಪಶ್ಚಿಮದಲ್ಲಿ ಹೊಸ ಹೊಸ ರಾಜ್ಯ ಬಂದು ತಾವು ಮೂಲೆಗುಂಪಾಗ್ತೀವಿ ಅನ್ನೋ ಭಯ. 1804ರಲ್ಲೇ ಸೆನೆಟರ್ ಪಿಕರಿಂಗ್ ಉತ್ತರದವ್ರದ್ದೇ ಬೇರೆ ಒಕ್ಕೂಟ ಮಾಡೋಣ ಅಂತ ಕಾಗದ ಬರೀತಿದ್ದ.

1812ರಲ್ಲಿ ಬ್ರಿಟನ್ ಮೇಲೆ ಯುದ್ಧ ಶುರುವಾದಾಗ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಗವರ್ನರ್‌ಗಳು ನಮ್ಮ ಮಿಲಿಷಿಯಾ (ರಾಜ್ಯದ ಸ್ವಂತ ಪಡೆ) ಕಳ್ಸಲ್ಲ ಹೋಗ್ರಿ ಅಂದ್ರು. 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ ಸುಟ್ರು, ಆಗ ಮ್ಯಾಸಚೂಸೆಟ್ಸ್‌ಗೆ ಸೇರಿದ್ದ ಮೇನ್‌ನ ಪೂರ್ವ ಭಾಗಾನೂ ಹಿಡ್ಕೊಂಡ್ರು. ಅಷ್ಟಾದ್ಮೇಲೆ ಹಾರ್ಟ್‌ಫರ್ಡ್ ಸಭೆ.

ತಮಾಷೆ ಅಂದ್ರೆ ಕೊನೆಗೆ ಬಂದ ವರದೀಲಿ ಬಿಟ್ಟು ಹೋಗ್ತೀವಿ ಅನ್ನೋ ತೀರ್ಮಾನಾನೇ ಇಲ್ಲ. ಸಂವಿಧಾನಕ್ಕೆ ಏಳು ತಿದ್ದುಪಡಿ ಕೇಳಿದ್ರು ಅಷ್ಟೇ: ಆ ಐದಕ್ಕೆ ಮೂರರ ಲೆಕ್ಕ ತೆಗೀರಿ, ಎಂಬಾರ್ಗೋ 60 ದಿನ ದಾಟಬಾರದು, ಯುದ್ಧ ಸಾರಕ್ಕೆ ಮೂರನೇ ಎರಡು ಭಾಗ ಬಹುಮತ ಬೇಕು, ಒಂದೇ ರಾಜ್ಯದವ್ರು ಸಾಲಾಗಿ ಪ್ರೆಸಿಡೆಂಟ್ ಆಗಬಾರದು, ಹಿಂಗೆ. ಜೆಫರ್ಸನ್, ಮ್ಯಾಡಿಸನ್ ಇಬ್ರೂ ವರ್ಜೀನಿಯಾದವ್ರು, ಆ ಕೊನೇದು ವರ್ಜೀನಿಯಾದವ್ರಿಗೆ ಅಂತಲೇ ಇಟ್ಟ ಗುನ್ನ.

ಇದನ್ನ ಹಿಡ್ಕೊಂಡು ಮ್ಯಾಸಚೂಸೆಟ್ಸ್‌ನವ್ರು ವಾಷಿಂಗ್ಟನ್‌ಗೆ ಹೋದ್ರೆ, ಅದೇ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕಾದ ಜನರಲ್ ಆಂಡ್ರ್ಯೂ ಜಾಕ್ಸನ್ ಬ್ರಿಟಿಷರನ್ನ ಸೋಲಿಸಿದ ಸುದ್ದಿ, ಅದರ ಹಿಂದೇನೇ ಶಾಂತಿ ಒಪ್ಪಂದದ ಸುದ್ದಿ! ಒಪ್ಪಂದಕ್ಕೆ ಸಹಿ ಬಿದ್ದಿದ್ದು ಡಿಸೆಂಬರ್ 24ಕ್ಕೆ, ಇವರಿನ್ನೂ ಒಳಗೆ ಕೂತು ಚರ್ಚೆ ಮಾಡ್ತಿರುವಾಗಲೇ, ಹಡಗಲ್ಲಿ ಸುದ್ದಿ ಬರೋಕೆ ಫೆಬ್ರವರಿ ಆಯ್ತು. ಊರೆಲ್ಲ ಹಬ್ಬ ಮಾಡ್ತಿರುವಾಗ ದೂರು ಹಿಡ್ಕೊಂಡು ನಿಂತವ್ರ ಪಾಡು ಏನಾಗುತ್ತೋ ಅದೇ ಆಯ್ತು. ದೇಶದ್ರೋಹಿಗಳು ಅನ್ನೋ ಹಣೆಪಟ್ಟಿ ಬಿತ್ತು, 1816ರಲ್ಲಿ ಅವರ ಕ್ಯಾಂಡಿಡೇಟ್‌ಗೆ 34, ವರ್ಜೀನಿಯಾದ ಮನ್ರೋಗೆ 183, ಆಮೇಲೆ ಆ ಪಕ್ಷ ಪ್ರೆಸಿಡೆಂಟ್ ಚುನಾವಣೇಲಿ ತಲೆ ಎತ್ತಲೇ ಇಲ್ಲ.

1830ರಲ್ಲಿ ಸೆನೆಟ್‌ನಲ್ಲಿ ಸೌತ್ ಕರೊಲಿನಾದ ಹೇನ್ ಅನ್ನೋನು ಮ್ಯಾಸಚೂಸೆಟ್ಸ್‌ನ ವೆಬ್‌ಸ್ಟರ್‌ಗೆ ಇದೇ ಹಾರ್ಟ್‌ಫರ್ಡ್ ಹೆಸರೆತ್ತಿ ಚುಚ್ಚಿದ. ಎರಡು ವರ್ಷ ಕಳೆದು ಕೇಂದ್ರದ ಆಮದು ಸುಂಕ ನಮ್ಮಲ್ಲಿ ನಡೆಯಲ್ಲ, ಬಲವಂತ ಮಾಡಿದ್ರೆ ಬಿಟ್ಟು ಹೋಗ್ತೀವಿ ಅಂತ ಸೌತ್ ಕರೊಲಿನಾ ಠರಾವು ಮಾಡ್ತು. ಮುಂದಿನ ತಿಂಗಳು ಅಲ್ಲಿ ಗವರ್ನರ್ ಕುರ್ಚೀಲಿ ಬಂದು ಕೂತಿದ್ದು ಅದೇ ಹೇನ್.