ಬೆಳಗಿನ ಪ್ರಾರ್ಥನೆ ಮಕ್ಕಳ ಮನಸ್ಸಿಗೆ ಇಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಕ್ರೈಸ್ತ ಹೈಸ್ಕೂಲೊಂದರಲ್ಲಿ ಟೀಚರ್ ಆಗಿದ್ದೇನೆ. ಈ ವರ್ಷ ಪ್ರಾರ್ಥನಾ ಸಭೆ ನನ್ನ ಹೊಣೆ. ಕೊಡವರು, ಗೌಡರು, ಮುಸ್ಲಿಮರು, ಎಸ್ಟೇಟ್ ಲೈನಿನ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳು, ಎಲ್ಲರೂ ಇದ್ದಾರೆ. ಕ್ರೈಸ್ತ ಮಕ್ಕಳೇ ಕಡಿಮೆ. ಸುಮ್ನೆ ಬಾಯಿ ಆಡಿಸುತ್ತಾರೆ ಅಷ್ಟೆ. ಎಲ್ಲರಿಗೂ ಹೊಂದುವ ಹಾಗೆ ಮಾಡಹೋದರೆ ನಮ್ಮದು ಕ್ರೈಸ್ತ ಶಾಲೆ ಅನ್ನೋದೇ ಉಳಿಯಲ್ಲ ಅನ್ನುವ ಭಯ.
– ಒಬ್ಬ ಶಿಕ್ಷಕಿ, ವಿರಾಜಪೇಟೆ

ಉತ್ತರ: ಟೀಚರ್, ಯೇಸುವಿನ ಹೆಸರು ಧೈರ್ಯವಾಗಿ ಹೇಳಿ, ಬೈಬಲ್ ಓದಿ. ಮುಚ್ಚುಮರೆ ಏನೂ ಬೇಡ. ಬಲವಂತ ಮಾತ್ರ ಬೇಡ.

ಇದು ಕಾನೂನಿನ ಮಾತೂ ಹೌದು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಆದರೆ 28(3) ಪ್ರಕಾರ ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಆರಾಧನೆಗೆ ಕೂರಿಸುವ ಹಾಗಿಲ್ಲ, ಮಕ್ಕಳಾದರೆ ಪೋಷಕರು ಒಪ್ಪಬೇಕು. ಅಡ್ಮಿಷನ್ ಸಮಯದಲ್ಲೇ ಇದನ್ನು ಬಾಯಿಬಿಟ್ಟು ಹೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಇಂಗ್ಲೆಂಡಿನಲ್ಲಿ 1944ರಿಂದ ಶಾಲೆಗಳಲ್ಲಿ ದಿನಾ ಸಾಮೂಹಿಕ ಆರಾಧನೆ ನಡೆಯಬೇಕು ಅಂತ ಕಾಯ್ದೆಯೇ ಇದೆ. ಅಲ್ಲೂ ಪೋಷಕರು ಬೇಡ ಅಂದರೆ ಮಗುವನ್ನು ಬಿಡಲೇಬೇಕು. ತಲೆ ತಗ್ಗಿಸಿ ಗೌರವದಿಂದ ನಿಂತ ಮಗು ಹಾಡದಿದ್ದರೆ ಅದನ್ನು ತಪ್ಪು ಅಂತ ಎಣಿಸಬೇಡಿ.

ಇನ್ನು ಮಕ್ಕಳ ಬೇಸರದ ವಿಷಯ. ನನಗೆ ಕಾಣುವ ದೊಡ್ಡ ಕಾರಣ ಪ್ರಾರ್ಥನೆಯ ಬೆನ್ನಿಗೇ ಬರುವ ಗದರಿಕೆ. ಆಮೆನ್ ಅಂದ ಮರುಗಳಿಗೆಯಲ್ಲೇ ಅದೇ ಮೈಕಿನಲ್ಲಿ ಫೀಸ್ ಕಟ್ಟದವರ ಹೆಸರು ಓದುತ್ತಾರೆ, ಶೂ ಪಾಲಿಶ್ ಇಲ್ಲದವರನ್ನು ಮುಂದಕ್ಕೆ ಕರೆಯುತ್ತಾರೆ. ಆ ಮಗುವಿಗೆ ದೇವರ ಪ್ರೀತಿ ಅನ್ನೋ ಮಾತು ಹೇಗೆ ಕೇಳಿಸಬೇಕು ಹೇಳಿ? ಪ್ರಕಟಣೆ, ಶಿಸ್ತು ಎಲ್ಲ ಕ್ಲಾಸಿಗೆ ಹೋದ ಮೇಲೆ ಆಗಲಿ. ಹೆಡ್‌ಮಾಸ್ಟರ್ ಹತ್ತಿರ ಹಟ ಹಿಡಿದಾದರೂ ಇದೊಂದು ಮಾಡಿಸಿಕೊಳ್ಳಿ.

ಆಮೇಲೆ ವಾರಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ, ದಿನಕ್ಕೊಂದು ಬೇಡ. ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಆರೈಕೆ ಮಾಡಿದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆ ತಗೊಳ್ಳಿ. ಸೋಮವಾರ ಕಥೆ ಓದಿ. ನಂತರ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಅನ್ನ ಬೇಯಿಸಿದವರು ಯಾರು, ಮನೆ ಕಳೆದುಕೊಂಡವರನ್ನು ಒಳಗೆ ಕರೆದವರು ಯಾರು, ಮನೆಯಲ್ಲಿ ಕೇಳಿಕೊಂಡು ಬನ್ನಿ ಅನ್ನಿ. ಆಗ ಇವರೆಲ್ಲ ತೀರಾ ಚಿಕ್ಕವರು. ಅಜ್ಜಿ ಹೇಳಿದ್ದನ್ನು ಒಬ್ಬ ಹುಡುಗಿ ಕೊಡವ ಭಾಷೆಯಲ್ಲೇ ಹೇಳಲಿ, ಇನ್ನೊಬ್ಬ ಮಲಯಾಳದಲ್ಲಿ ಹೇಳಲಿ. ಕೊನೆಗೆ ಒಂದು ನಿಮಿಷ ಮೌನ ಕೊಡಿ, ಆ ಹೊತ್ತಿನಲ್ಲಿ ಅವರವರ ಮನಸ್ಸಿಗೆ ಬಂದ ಹಾಗೆ ಪ್ರಾರ್ಥಿಸಲಿ. ಮೌನವನ್ನು ಹೈಸ್ಕೂಲ್ ಮಕ್ಕಳು ತಡ್ಕೊಳ್ಳಲ್ಲ ಅಂತಾರೆ, ನನಗೆ ಹಾಗನ್ನಿಸುವುದಿಲ್ಲ. ಅಭ್ಯಾಸ ಆಗಬೇಕು ಅಷ್ಟೆ.

ಕೃತಜ್ಞತೆಯ ವಾರಕ್ಕೆ ನಿಮ್ಮೂರಲ್ಲೇ ಬೇಕಾದಷ್ಟಿದೆ. ಸೆಪ್ಟೆಂಬರ್ 8ಕ್ಕೆ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮೊಂತಿ ಹಬ್ಬದ (ಮರಿಯಮ್ಮನವರ ಜನ್ಮದಿನದ) ಹೊಸಕ್ಕಿ ಊಟ, ಸುಗ್ಗಿ ಹಬ್ಬ ಪುತ್ತರಿಗೆ ಕೊಡವರ ಮನೆಯಲ್ಲಿ ಹೊಸ ಕದಿರು. ಎರಡೂ ಮನೆಯ ಮಕ್ಕಳು ತಮ್ಮ ಹಬ್ಬದ ಬಗ್ಗೆ ಹೇಳಲಿ. ಆದರೆ ಪುತ್ತರಿಯನ್ನು ಕ್ರೈಸ್ತ ಹಬ್ಬ ಮಾಡಲು ಹೋಗಬೇಡಿ, ಅದು ಅವರದ್ದಾಗಿಯೇ ಇರಲಿ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಜಾಗ ಕೊಟ್ಟವನು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಇನ್ನೊಬ್ಬರ ಆಸರೆಯಲ್ಲಿ ನೆಲೆ ನಿಂತವರು ನಾವು ಅಂತ ಕ್ರೈಸ್ತ ಮಕ್ಕಳಿಗೂ ಗೊತ್ತಾಗಬೇಕು, ಅಲ್ವಾ?

ತಯಾರಿಯನ್ನು ಹತ್ತನೇ ತರಗತಿಯ ಒಂದು ತಂಡಕ್ಕೆ ಕೊಡಿ, ಬೇರೆ ಧರ್ಮದವರೂ ಇರಲಿ. ಬೈಬಲ್ ಓದಲು ಇಷ್ಟ ಇದೆಯಾ ಅಂತ ಕೇಳಿ, ಇಲ್ಲ ಅಂದವರು ಹಾಡು ಆರಿಸಲಿ, ಪ್ರಶ್ನೆ ಬರೆಯಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಮೈದಾನ ಹೇಗೂ ಸಿಗಲ್ಲ, ಆಯಾ ಕ್ಲಾಸಿನಲ್ಲೇ ಹತ್ತು ನಿಮಿಷ ನಡೆಸಿ. ಇಡೀ ಶಾಲೆಯ ಮುಂದೆ ಬಾಯಿ ಬಿಡದ ಹುಡುಗ ತನ್ನ ಬೆಂಚಿನ ಪಕ್ಕ ನಿಂತು ಓದುತ್ತಾನೆ.