ರ‍್ಯಾಂಪ್ ಮೇಲಿನ ಕಿಲ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪುರುಷರ ಉಡುಪಿನ ಹೊಸ ಒಲವುಗಳ ಬಗ್ಗೆ ಪ್ರಶ್ನೆಗಳನ್ನು ಆಹ್ವಾನಿಸಿದ್ದಾಗ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಕಾಟ್ಲೆಂಡಿನ ಕಿಲ್ಟ್ ಮತ್ತು ಅದನ್ನು ಇಂದಿನ ವಿನ್ಯಾಸಕರು ಬಳಸಿಕೊಳ್ಳುತ್ತಿರುವ ರೀತಿಯ ಕುರಿತಾಗಿದ್ದವು. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಪ್ಯಾರಿಸ್, ಮಿಲಾನ್‌ಗಳ ಫ್ಯಾಷನ್ ಷೋ ಚಿತ್ರಗಳಲ್ಲಿ ಗಂಡಸರು ನೆರಿಗೆಯ ಲಂಗದಂಥ ಉಡುಪು ತೊಟ್ಟು ನಡೆಯುವುದನ್ನು ನೋಡುತ್ತಿರುತ್ತೇನೆ. ಚಿತ್ರದ ಅಡಿಬರಹದಲ್ಲಿ ಎಲ್ಲವನ್ನೂ ಕಿಲ್ಟ್ ಎಂದೇ ಬರೆದಿರುತ್ತಾರೆ. ಅವೆಲ್ಲವೂ ನಿಜವಾಗಿ ಕಿಲ್ಟ್‌ಗಳೇ? ಗುರುತಿಸುವುದು ಹೇಗೆ?

ಉತ್ತರ: ಹೆಚ್ಚಿನವು ಕಿಲ್ಟ್‌ಗಳಲ್ಲ, ಚೌಕಳಿ ಬಟ್ಟೆಯಲ್ಲಿ ಹೊಲಿದ ನೆರಿಗೆ ಲಂಗಗಳು ಅಷ್ಟೆ. ಗುರುತಿಸಬೇಕೆಂದರೆ ರೂಪದರ್ಶಿ ಎದುರಿಗೆ ಬರುವಾಗ ನೋಡುವುದಕ್ಕಿಂತ ಹಿಂದಿರುಗಿ ಹೋಗುವಾಗ ನೋಡುವುದು ಮೇಲು, ಏಕೆಂದರೆ ಕಿಲ್ಟ್ ಹೊಲಿಯುವವನ ಕಸುಬೆಲ್ಲ ಇರುವುದು ಬೆನ್ನಿನ ಕಡೆಯಲ್ಲಿ. ಸಾಂಪ್ರದಾಯಿಕ ಕಿಲ್ಟ್‌ಗೆ ಸುಮಾರು 8 ಗಜ, ಅಂದರೆ 7 ಮೀಟರಿಗಿಂತ ಹೆಚ್ಚು ದಪ್ಪ ಉಣ್ಣೆಯ ಬಟ್ಟೆ ಬೇಕಾಗುತ್ತದೆ. ಮುಂದುಗಡೆ ಒಂದೂ ನೆರಿಗೆ ಇರುವುದಿಲ್ಲ. ಅಲ್ಲಿ ಎರಡು ಚಪ್ಪಟೆ ಸೆರಗುಗಳು ಒಂದರ ಮೇಲೊಂದು ಬಂದು, ಚರ್ಮದ ಪಟ್ಟಿ ಮತ್ತು ಬಕಲ್‌ಗಳಿಂದ ಬಿಗಿಯಲ್ಪಡುತ್ತವೆ. ಗಂಡಸರ ಕಿಲ್ಟ್‌ನಲ್ಲಿ ಮೇಲಿನ ಸೆರಗು ಬಲಗಡೆಗೆ ಮುಗಿಯುತ್ತದೆ. ಉಳಿದ ಬಟ್ಟೆಯೆಲ್ಲ ಹಿಂದಕ್ಕೆ ಸರಿದು, ಒಂದೇ ದಿಕ್ಕಿಗೆ ಮಡಚಿದ ನೆರಿಗೆಗಳಾಗಿ ಕೂರುತ್ತದೆ.

ಈ ನೆರಿಗೆಗಳನ್ನು ಹಾಕುವುದಕ್ಕೆ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ, ಅಷ್ಟೊಂದು ಬಟ್ಟೆ ಮಡಿಕೆಯೊಳಗೆ ಅಡಗಿದ ಮೇಲೂ ಬೆನ್ನ ಮೇಲೆ ಟಾರ್ಟನ್ ಎಂಬ ಬಣ್ಣದ ಗೆರೆಗಳ ಚೌಕಳಿ ಒಂದಿಷ್ಟೂ ಕಡಿಯದೆ, ನೆರಿಗೆಯೇ ಇಲ್ಲವೇನೋ ಎಂಬಂತೆ ಮುಂದುವರಿಯಬೇಕು. ಇದಕ್ಕಾಗಿ ಹೊಲಿಯುವವರು ಪ್ರತಿ ನೆರಿಗೆಯಲ್ಲೂ ಚೌಕಳಿಯ ಮುಂದಿನ ಗೆರೆಯನ್ನು ಹುಡುಕಿ ಹೊರಕ್ಕೆ ತಂದು ಕೂರಿಸುತ್ತಾರೆ. ಎರಡನೆಯದು ಸೈನಿಕ ಕ್ರಮ: ಪ್ರತಿ ನೆರಿಗೆಯ ನಡುವೆ ಒಂದೇ ಬಣ್ಣದ ಗೆರೆ ಬರುವಂತೆ ಮಡಚುವುದರಿಂದ ನಿಂತಾಗ ಬೆನ್ನ ಮೇಲೆ ಉದ್ದುದ್ದ ಪಟ್ಟೆಗಳು ಮಾತ್ರ ಕಾಣಿಸುತ್ತವೆ, ನಡೆದಾಗ ನೆರಿಗೆ ತೆರೆದು ಒಳಗಿನ ಬಣ್ಣಗಳು ಮಿಂಚಿ ಮರೆಯಾಗುತ್ತವೆ. ಸೊಂಟದಿಂದ ಪೃಷ್ಠದವರೆಗೆ ನೆರಿಗೆಗಳನ್ನು ಕೈಯಿಂದ ಹೊಲಿದು ಬಂಧಿಸುತ್ತಾರೆ. ಸೊಂಟ ಸಣ್ಣದಾದ ಕಡೆ ಪ್ರತಿ ನೆರಿಗೆಯನ್ನೂ ಕೂದಲೆಳೆಯಷ್ಟು ಕಿರಿದಾಗಿಸುತ್ತ ಹೋಗಬೇಕು, ಆದರೆ ಚೌಕಳಿಯ ಅಡ್ಡಗೆರೆ ಅಲುಗಬಾರದು. ಇನ್ನೊಂದು ಗುರುತೆಂದರೆ ಕೆಳ ಅಂಚು. ಒಳ್ಳೆಯ ಕಿಲ್ಟ್‌ನ ಕೆಳ ಅಂಚನ್ನು ಮಡಚಿ ಹೊಲಿದಿರುವುದಿಲ್ಲ. ಮಗ್ಗದಿಂದ ಬಂದ ಬಟ್ಟೆಯ ಅಂಚೇ ಅಲ್ಲಿ ಹಾಗೇ ಇರುತ್ತದೆ. ಮಡಚಿ ಹೊಲಿದರೆ ಅಂಚು ದಪ್ಪವಾಗಿ ನೆರಿಗೆಯ ತೂಗಾಟ ಕೆಡುತ್ತದೆ.

ಇದನ್ನೆಲ್ಲ ತಿಳಿದ ಮೇಲೆ ರ‍್ಯಾಂಪ್‌ನ ಚಿತ್ರವನ್ನು ಇನ್ನೊಮ್ಮೆ ನೋಡಿ. ಸುತ್ತಲೂ ಒಂದೇ ಅಳತೆಯ ನೆರಿಗೆ, ಪಕ್ಕದಲ್ಲಿ ಜಿಪ್, ಗಾಳಿಗೆ ಹಾರುವ ತೆಳು ಬಟ್ಟೆ ಇದ್ದರೆ ಅದು ಲಂಗ. ಲಂಗವೆಂದ ಮಾತ್ರಕ್ಕೆ ಅದು ಕೀಳೇನಲ್ಲ. ಆದರೆ ಕಿಲ್ಟ್ ಎಂದು ಕರೆದು ಅದರ ಗೌರವವನ್ನು ಪುಕ್ಕಟೆಯಾಗಿ ಪಡೆಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಸಾವಿರಾರು ವರ್ಷಗಳ ಸಂಪ್ರದಾಯವನ್ನು ವಿನ್ಯಾಸಕರು ಹೀಗೆ ಮನಸ್ಸಿಗೆ ಬಂದಂತೆ ಬದಲಾಯಿಸುವುದು ಆ ಜನರಿಗೆ ಮಾಡುವ ಅವಮಾನವಲ್ಲವೇ?

ಉತ್ತರ: ಸಾವಿರಾರು ವರ್ಷ ಎಂಬುದನ್ನು ಮೊದಲು ಕೈಬಿಡೋಣ. 16ನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಎಂಬ ಮಲೆಸೀಮೆಯ ಗಂಡಸರು ಉಡುತ್ತಿದ್ದದ್ದು ಹೊಲಿಗೆಯಿಲ್ಲದ ಒಂದು ದೊಡ್ಡ ಉಣ್ಣೆಯ ಹೊದಿಕೆಯನ್ನು. ಅದನ್ನು ಸೊಂಟಕ್ಕೆ ನೆರಿಗೆ ಮಾಡಿ ಬೆಲ್ಟಿನಿಂದ ಕಟ್ಟಿ, ಮಿಕ್ಕ ಭಾಗವನ್ನು ಹೆಗಲ ಮೇಲೆ ಎಳೆದುಕೊಳ್ಳುತ್ತಿದ್ದರು. ರಾತ್ರಿ ಅದೇ ಕಂಬಳಿಯೂ ಆಗುತ್ತಿತ್ತು. ಇಂದು ನಾವು ಕಾಣುವ, ಸೊಂಟದ ಕೆಳಗಷ್ಟೇ ಬರುವ ಸಣ್ಣ ಕಿಲ್ಟ್ 18ನೇ ಶತಮಾನದ ಆರಂಭದ್ದು. 1720ರ ದಶಕದಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ಉದ್ಯಮಿ ತನ್ನ ಕೆಲಸಗಾರರಿಗಾಗಿ ಅದನ್ನು ರೂಪಿಸಿದನೆಂದು ಒಂದು ಹಳೆಯ ಹೇಳಿಕೆಯಿದೆ. ಸ್ಕಾಟ್ಲೆಂಡಿನ ಅನೇಕರು ಇದನ್ನು ಒಪ್ಪುವುದಿಲ್ಲ, ಅವರ ಸಿಟ್ಟು ಅರ್ಥವಾಗುವಂಥದ್ದೇ.

ಇದರ ನಂತರದ ಕಥೆ ಹೆಚ್ಚು ಮುಖ್ಯವಾದದ್ದು. 1746ರ ಏಪ್ರಿಲ್ 16ರಂದು ಕಲೋಡನ್ ಕಾಳಗದಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೆ ತರಲು ಹೊರಟಿದ್ದ ಜಾಕೊಬೈಟ್ ಬಂಡಾಯಗಾರರು ಸೋತ ಮೇಲೆ, ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಪನ್ನು ಗಂಡಸರೂ ಹುಡುಗರೂ ತೊಡಬಾರದೆಂದು ಕಾನೂನು ಮಾಡಿತು. ಮೊದಲ ಬಾರಿ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೆಯ ಬಾರಿ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಸರ್ಕಾರದ ಸೇನೆಯಲ್ಲಿ ದುಡಿಯುತ್ತಿದ್ದ ಹೈಲ್ಯಾಂಡ್ ಸೈನಿಕರಿಗೆ ಮಾತ್ರ ವಿನಾಯಿತಿ ಇತ್ತು. ಹೀಗೆ 1782ರಲ್ಲಿ ನಿಷೇಧ ತೆರವಾಗುವವರೆಗೆ ಕಿಲ್ಟ್ ಬಹುಮಟ್ಟಿಗೆ ಸೇನೆಯ ಸಮವಸ್ತ್ರವಾಗಿ ಉಳಿದುಕೊಂಡಿತು. ಅದರ ಇಂದಿನ ಗಡುಸಾದ, ಅಳೆದು ತೂಗಿದ ರೂಪಕ್ಕೆ ಇದೂ ಒಂದು ಕಾರಣ.

ಬಳಿಕ 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದಾಗ, ಸಾಹಿತಿ ವಾಲ್ಟರ್ ಸ್ಕಾಟ್ ಆ ಭೇಟಿಯ ಸಮಾರಂಭಗಳನ್ನು ಟಾರ್ಟನ್‌ಮಯವಾಗಿ ಏರ್ಪಡಿಸಿದರು. ದೊರೆಯ ಉಡುಪಿನ ಬಿಲ್ಲು 1,354 ಪೌಂಡ್ 18 ಷಿಲಿಂಗ್. ಮೊಣಕಾಲಿಗಿಂತ ಬಹಳ ಮೇಲಕ್ಕಿದ್ದ ಕಿಲ್ಟ್‌ನ ಕೆಳಗೆ ಮೈಬಣ್ಣದ ಬಿಗಿ ಕಾಲ್ಚೀಲ ತೊಟ್ಟು ಸಭೆಗೆ ಬಂದ ಆ ಸ್ಥೂಲಕಾಯದ ದೊರೆಯನ್ನು ವ್ಯಂಗ್ಯಚಿತ್ರಕಾರರು ಸುಮ್ಮನೆ ಬಿಡಲಿಲ್ಲ. ಆದರೂ ಮಲೆಸೀಮೆಯ ಬಡವರ ಉಡುಪು ಇಡೀ ಸ್ಕಾಟ್ಲೆಂಡಿನ ಗಣ್ಯರ ಉಡುಪಾದದ್ದು ಆ ಭೇಟಿಯಿಂದಲೇ. ಒಂದು ಅರ್ಥದಲ್ಲಿ ಅದೂ ಒಂದು ಫ್ಯಾಷನ್ ಷೋ.

ಆದ್ದರಿಂದ ಬದಲಾವಣೆಯೇ ಅವಮಾನ ಎನ್ನುವುದಾದರೆ ಇಂದಿನ ‘ಸಾಂಪ್ರದಾಯಿಕ’ ಕಿಲ್ಟ್ ಕೂಡ ತಪ್ಪಿಸಿಕೊಳ್ಳಲಾರದು. ಬದಲಾಯಿಸುವವರಿಗೆ ಆ ಉಡುಪಿನ ಕಟ್ಟೋಣ ಗೊತ್ತಿದೆಯೇ ಎಂಬುದನ್ನೇ ನಾವು ಕೇಳಬೇಕು. ಗೊತ್ತಿದ್ದು ಮುರಿದವರ ಕೆಲಸ ಉಳಿದಿದೆ. ಗೊತ್ತಿಲ್ಲದೆ ಚೌಕಳಿಯನ್ನು ಮಾತ್ರ ಎತ್ತಿಕೊಂಡವರ ಕೆಲಸ ಮುಂದಿನ ಋತುವಿಗೇ ಮರೆತುಹೋಗಿದೆ.

ಪ್ರಶ್ನೆ: ರ‍್ಯಾಂಪ್‌ಗೆ ಕಿಲ್ಟ್ ತಂದವರಲ್ಲಿ ಯಾರು ಮುಖ್ಯರು? ಅವರು ನಿಜವಾಗಿ ಏನು ಬದಲಾಯಿಸಿದರು?

ಉತ್ತರ: ಎಲ್ಲರನ್ನೂ ಇಲ್ಲಿ ಹೆಸರಿಸಲಾಗದು. ನಮ್ಮ ದೃಷ್ಟಿಯಲ್ಲಿ ಮೂವರು ಮುಖ್ಯರು, ಮೂವರ ದಾರಿಯೂ ಬೇರೆ ಬೇರೆ.

ಲಂಡನ್ನಿನ ವಿವಿಯನ್ ವೆಸ್ಟ್‌ವುಡ್ 1970ರ ದಶಕದಲ್ಲಿ, ಪಂಕ್ ಎಂಬ ಯುವಜನರ ಬಂಡಾಯದ ಸಂಗೀತ-ಉಡುಪಿನ ಅಲೆಯ ದಿನಗಳಲ್ಲೇ ಟಾರ್ಟನ್ ಬಟ್ಟೆಯನ್ನು ಪಟ್ಟಿ, ಜಿಪ್ಪುಗಳ ಜೊತೆ ಸೇರಿಸಿ, ಸೇನೆ ಮತ್ತು ಅರಮನೆಯ ಬಟ್ಟೆಯನ್ನು ಪುಂಡ ಹುಡುಗರ ಬಟ್ಟೆಯಾಗಿಸಿದ್ದರು. 1993ರ ‘ಆಂಗ್ಲೋಮೇನಿಯಾ’ ಸಂಗ್ರಹಕ್ಕೆ ಅವರು ಇನ್ನೂ ಮುಂದೆ ಹೋಗಿ, ತಮ್ಮ ಪತಿ ಆಂಡ್ರಿಯಾಸ್ ಅವರ ಹೆಸರಿನಲ್ಲಿ ‘ಮ್ಯಾಕ್‌ಆಂಡ್ರಿಯಾಸ್’ ಎಂಬ ಹೊಸ ಟಾರ್ಟನ್ನನ್ನೇ ಸ್ಕಾಟ್ಲೆಂಡಿನ ಲಾಕ್‌ಕ್ಯಾರನ್ ಗಿರಣಿಯಲ್ಲಿ ನೇಯಿಸಿದರು. ಆಸ್ಟ್ರಿಯಾದವರೊಬ್ಬರಿಗೆ ಸ್ಕಾಟಿಷ್ ಕುಲವೊಂದನ್ನು ಕಟ್ಟಿಕೊಟ್ಟ ಈ ತಮಾಷೆಯಲ್ಲಿ ಚರಿತ್ರೆಯ ಒಳ್ಳೆಯ ತಿಳಿವಳಿಕೆಯಿದೆ: ಕುಲಕ್ಕೊಂದು ಟಾರ್ಟನ್ ಎಂಬ ಪದ್ಧತಿ ಗಟ್ಟಿಯಾದದ್ದೇ 19ನೇ ಶತಮಾನದಲ್ಲಿ. ಪ್ಯಾರಿಸ್‌ನ ಪ್ರದರ್ಶನದಲ್ಲಿ ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ ಎಡವಿ ಬಿದ್ದು ನಕ್ಕದ್ದೂ ಇದೇ ವೇಳೆಯಲ್ಲಿ. ಅವರ ಕಾಲಲ್ಲಿದ್ದ ಎತ್ತರದ ಪಾದರಕ್ಷೆ ಹೈಲ್ಯಾಂಡ್‌ನ ಲೇಸ್ ಕಟ್ಟುವ ಶೂಗಳ ಅತಿರೇಕದ ರೂಪವಾಗಿತ್ತು.

ಫ್ರಾನ್ಸಿನ ಜಾನ್ ಪಾಲ್ ಗೋಟಿಯೆ ಅವರಿಗೆ ಸ್ಕಾಟ್ಲೆಂಡಿಗಿಂತ ಗಂಡಸಿನ ಮೈ ಮುಖ್ಯ. 1980ರ ದಶಕದ ಮಧ್ಯದಲ್ಲಿ ಅವರು ಗಂಡಸರಿಗೆ ಲಂಗ ತೊಡಿಸಿ ರ‍್ಯಾಂಪ್‌ಗೆ ಕಳಿಸಿದರು, ಸ್ವತಃ ಕಿಲ್ಟ್ ತೊಟ್ಟು ಓಡಾಡಿದರು. ಗಂಡಸರು ಹೆಂಗಸರಂತೆ ಕಾಣಲೆಂಬುದು ಅವರ ಉದ್ದೇಶವಾಗಿರಲಿಲ್ಲ. ದಪ್ಪ ಕಾಲ್ಚೀಲ, ಭಾರದ ಬೂಟು, ಅಗಲ ಭುಜದ ಜಾಕೆಟ್ಟುಗಳ ನಡುವೆ ಕಿಲ್ಟ್ ಇಟ್ಟಾಗ ಅದು ಎಷ್ಟು ಗಂಡಸುತನದ್ದಾಗಿ ಕಾಣುತ್ತದೆಂಬುದನ್ನು ಅವರು ತೋರಿಸಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2003ರಲ್ಲಿ ಲಂಗ ತೊಟ್ಟ ಗಂಡಸರ ಚರಿತ್ರೆಯ ಬಗ್ಗೆ ಏರ್ಪಡಿಸಿದ ಪ್ರದರ್ಶನಕ್ಕೆ ಪ್ರಾಯೋಜಕತ್ವ ನೀಡಿದ್ದೂ ಅವರ ಸಂಸ್ಥೆಯೇ.

ಮೂರನೆಯವರು ಅಲೆಕ್ಸಾಂಡರ್ ಮೆಕ್‌ಕ್ವೀನ್. ಲಂಡನ್ನಿನಲ್ಲಿ ಹುಟ್ಟಿದ ಅವರ ತಂದೆಯ ಕಡೆಯ ಬೇರು ಸ್ಕಾಟ್ಲೆಂಡಿನದು. 1995ರ ‘ಹೈಲ್ಯಾಂಡ್ ರೇಪ್’ ಪ್ರದರ್ಶನದಲ್ಲಿ ಹರಿದ ಲೇಸು, ಹರಿದ ಟಾರ್ಟನ್ ತೊಟ್ಟ ರೂಪದರ್ಶಿಗಳು ತೂರಾಡುತ್ತ ಬಂದಾಗ ಅನೇಕ ವಿಮರ್ಶಕರು ಅದನ್ನು ಸ್ತ್ರೀದ್ವೇಷವೆಂದು ಬೈದರು. ಇಂಗ್ಲೆಂಡು ಸ್ಕಾಟ್ಲೆಂಡಿನ ಮೇಲೆ ನಡೆಸಿದ ಹಿಂಸೆಯ ಬಗ್ಗೆ ತಾವು ಹೇಳಿದ್ದೆಂದು ಮೆಕ್‌ಕ್ವೀನ್ ಉತ್ತರಿಸಿದರು. 2006ರಲ್ಲಿ ಅವರು ಅದೇ ಗಾಯಕ್ಕೆ ಮರಳಿ ‘ವಿಡೋಸ್ ಆಫ್ ಕಲೋಡನ್’ (ಕಲೋಡನ್ನಿನ ವಿಧವೆಯರು) ಎಂಬ ಸಂಗ್ರಹ ಮಾಡಿದರು. ಅಲ್ಲಿ ಕೆಂಪು-ಕಪ್ಪು-ಹಳದಿಯ ಮೆಕ್‌ಕ್ವೀನ್ ಟಾರ್ಟನ್ ನಿಷ್ಕೃಷ್ಟವಾಗಿ ಕತ್ತರಿಸಲ್ಪಟ್ಟು, ಗೆರೆಗೆ ಗೆರೆ ಕೂಡಿಕೊಂಡು ಬಂತು. ಇವೆರಡೂ ಹೆಂಗಸರ ಉಡುಪಿನ ಸಂಗ್ರಹಗಳಾದರೂ ಇಲ್ಲಿ ಹೇಳಲೇಬೇಕು, ಏಕೆಂದರೆ ಪ್ರವಾಸಿಗರ ಅಂಗಡಿಯ ಟಾರ್ಟನ್ನಿನಲ್ಲಿ ರಕ್ತದ ಕಲೆಯಿದೆ ಎಂದು ರ‍್ಯಾಂಪ್ ಮೇಲೆ ಅಷ್ಟು ಒರಟಾಗಿ ನೆನಪಿಸಿದವರು ಬೇರೊಬ್ಬರಿಲ್ಲ. ಈ ಮೂವರಲ್ಲಿ ಒಬ್ಬರನ್ನೇ ಆರಿಸಿ ಎಂದರೆ ನಾವು ಇವರನ್ನೇ ಆರಿಸುತ್ತೇವೆ.

ಈಚಿನವರಲ್ಲಿ ಅಮೆರಿಕದ ಥಾಮ್ ಬ್ರೌನ್ ಬೂದುಬಣ್ಣದ ಸೂಟಿನ ಬಟ್ಟೆಯಲ್ಲೇ ಗಂಡಸರಿಗೆ ನೆರಿಗೆ ಲಂಗ ಹೊಲಿಸಿ, ಕಚೇರಿಯ ಉಡುಪನ್ನು ಸೊಂಟದ ಕೆಳಗೆ ತಲೆಕೆಳಗು ಮಾಡಿದರು. ಟಾರ್ಟನ್ನಿನ ಹಂಗಿಲ್ಲದ ಈ ದಾರಿ ಪ್ರಾಮಾಣಿಕವಾದದ್ದು. ಗಿವಾನ್‌ಶಿ ಸಂಸ್ಥೆಯ ಚರ್ಮದ ಕಿಲ್ಟನ್ನು ಗಾಯಕ ಕಾನ್ಯೆ ವೆಸ್ಟ್ 2011ರ ಸಂಗೀತ ಪ್ರವಾಸದಲ್ಲಿ ಪ್ಯಾಂಟಿನ ಮೇಲೆ ತೊಟ್ಟರು; ಸುದ್ದಿಯಾಯಿತು, ಅಷ್ಟೇ.

ಪ್ರಶ್ನೆ: ರ‍್ಯಾಂಪ್‌ನ ಗದ್ದಲದಿಂದ ಸ್ಕಾಟ್ಲೆಂಡಿನ ನೇಕಾರರಿಗೆ, ದರ್ಜಿಗಳಿಗೆ ಏನಾದರೂ ಪ್ರಯೋಜನವಾಗಿದೆಯೇ?

ಉತ್ತರ: ಬಟ್ಟೆ ನೇಯುವವರಿಗೆ ಆಗಿದೆ. 2012ರ ಡಿಸೆಂಬರಿನಲ್ಲಿ ಫ್ರಾನ್ಸಿನ ಫ್ಯಾಷನ್ ಸಂಸ್ಥೆ ಶನೆಲ್ ತನ್ನ ಪ್ರದರ್ಶನವನ್ನು ಸ್ಕಾಟ್ಲೆಂಡಿನ ಲಿನ್‌ಲಿತ್‌ಗೊ ಅರಮನೆಯ ಅವಶೇಷಗಳ ನಡುವೆ ನಡೆಸಿತು. 2024ರ ಜೂನ್‌ನಲ್ಲಿ ಡಿಯೋರ್ ಪರ್ತ್‌ಶೈರ್‌ನ ಡ್ರಮಂಡ್ ಕೋಟೆಯ ತೋಟದಲ್ಲಿ ನಡೆಸಿತು, ಮತ್ತು ಅದರ ಆಗಿನ ವಿನ್ಯಾಸಕಿ ಮರಿಯಾ ಗ್ರಾಟ್ಸಿಯಾ ಕ್ಯೂರಿ ಸ್ಥಳೀಯ ಗಿರಣಿಗಳ ಹಾಗೂ ‘ಲೆ ಕಿಲ್ಟ್’ ಎಂಬ ಸಣ್ಣ ಸಂಸ್ಥೆಯ ಜೊತೆ ಸೇರಿ ಕೆಲಸ ಮಾಡಿದರು. ಕೈಯಿಂದ ಕಿಲ್ಟ್ ಹೊಲಿಯುವವರ ಮಾತು ಬೇರೆ. ದಿನಗಟ್ಟಲೆ ಕೂತು ಒಂದು ಉಡುಪು ಮುಗಿಸುವ ಅವರಿಗೆ ಋತುವಿಗೊಂದು ಸಂಗ್ರಹದ ವೇಗ ಹೊಂದುವುದಿಲ್ಲ. ಎಡಿನ್‌ಬರೊದ ಹೋವಿ ನಿಕಲ್ಸ್‌ಬಿ ಈ ತೊಡಕಿಗೆ ತಮ್ಮದೇ ಉತ್ತರ ಕಂಡುಕೊಂಡರು. ಕಿಲ್ಟ್ ಹೊಲಿಯುವ ಮನೆತನದಲ್ಲೇ ಬೆಳೆದ ಅವರು 1990ರ ದಶಕದ ಕೊನೆಯಿಂದ ಡೆನಿಮ್, ಚರ್ಮ, ಟ್ವೀಡ್‌ಗಳಲ್ಲಿ ಕಿಲ್ಟ್ ಹೊಲಿಯುತ್ತ, ಅದಕ್ಕೆ ಜೇಬುಗಳನ್ನೂ ಸೇರಿಸಿದರು. ಜೇಬು ಬಂದ ಮೇಲೆ ಮುಂದೆ ತೂಗುಬಿಡುವ ಸ್ಪೋರನ್ ಚೀಲ ಕಡ್ಡಾಯವಲ್ಲ. ಮದುವೆಗೆಂದು ಬಾಡಿಗೆಗೆ ತರುತ್ತಿದ್ದ ಉಡುಪು ದಿನಬಳಕೆಗೆ ಬರುತ್ತದೆ. ದೊಡ್ಡ ಹೆಸರುಗಳ ಹತ್ತು ಪ್ರದರ್ಶನಗಳಿಗಿಂತ ಈ ಎರಡು ಜೇಬುಗಳೇ ದೊಡ್ಡ ಮಾರ್ಪಾಟೆಂದು ನಮಗನ್ನಿಸುತ್ತದೆ.

ಪ್ರಶ್ನೆ: ಆ ಕುಲಕ್ಕೆ ಸೇರದವರು ಟಾರ್ಟನ್ ತೊಡಬಹುದೇ? ಅನುಮತಿ ಬೇಕೇ?

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ರಾಜಮನೆತನದ ಬಾಲ್ಮೊರಲ್ ಟಾರ್ಟನ್‌ನಂಥ ಕೆಲವೇ ಕೆಲವಕ್ಕೆ ನಿರ್ಬಂಧವಿದೆ. 2008ರ ಕಾಯ್ದೆಯಂತೆ ಮರುವರ್ಷ ಆರಂಭವಾದ ಸ್ಕಾಟ್ಲೆಂಡಿನ ಟಾರ್ಟನ್ ನೋಂದಣಿ ಪುಸ್ತಕದಲ್ಲಿ ಯಾರು ಬೇಕಾದರೂ, ಯಾವ ದೇಶದವರಾದರೂ, ಈಗಾಗಲೇ ಇರುವುದಕ್ಕಿಂತ ಭಿನ್ನವಾದ ಹೊಸ ಟಾರ್ಟನ್ನನ್ನು ಶುಲ್ಕ ಕಟ್ಟಿ ದಾಖಲಿಸಬಹುದು.

ಪ್ರಶ್ನೆ: ನನಗೆ ಕಿಲ್ಟ್ ತೊಡುವ ಆಸೆಯಿದೆ, ಆದರೆ ವೇಷ ಹಾಕಿದಂತೆ ಕಾಣಬಾರದು. ಏನು ಮಾಡಲಿ?

ಉತ್ತರ: ಎಲ್ಲವನ್ನೂ ಒಟ್ಟಿಗೆ ತೊಡಬೇಡಿ. ಬೆಳ್ಳಿ ಗುಂಡಿಯ ಜಾಕೆಟ್, ತುಪ್ಪಳದ ಚೀಲ, ಕಾಲ್ಚೀಲದಲ್ಲಿ ಸಿಕ್ಕಿಸುವ ಕಿರುಗತ್ತಿ ಇವೆಲ್ಲ ಸಮಾರಂಭದ ಸಾಮಗ್ರಿ. ಒಂದೇ ಬಣ್ಣದ ಅಥವಾ ಕಡುಬಣ್ಣದ ಚೌಕಳಿಯ ಕಿಲ್ಟ್, ಅದರ ಮೇಲೆ ಸಾದಾ ಸ್ವೆಟರ್, ದಪ್ಪ ಕಾಲ್ಚೀಲ ಮತ್ತು ಗಟ್ಟಿ ಬೂಟು ಸಾಕು. ಬಟ್ಟೆಯ ತೂಕದಲ್ಲಿ ಮಾತ್ರ ರಾಜಿ ಬೇಡ, ಹಗುರ ಬಟ್ಟೆಯ ನೆರಿಗೆ ತೂಗುವುದಿಲ್ಲ, ಹಾರುತ್ತದೆ. ಉದ್ದ ಸರಿಯಿದೆಯೇ ಎಂದು ತಿಳಿಯಲು ಕಿಲ್ಟ್ ತೊಟ್ಟು ನೆಲದ ಮೇಲೆ ನೆಟ್ಟಗೆ ಮಂಡಿಯೂರಿ: ಅಂಚು ನೆಲ ಮುಟ್ಟಿದರೆ ಉದ್ದವಾಯಿತು, ನೆಲದಿಂದ ಒಂದಂಗುಲದಷ್ಟು ಮೇಲಿದ್ದರೆ ಸರಿ. ಇನ್ನು ಕುಳಿತುಕೊಳ್ಳುವಾಗ ಎರಡೂ ಕೈಗಳಿಂದ ಹಿಂದಿನ ನೆರಿಗೆಗಳನ್ನು ಕೆಳಮುಖವಾಗಿ ಸವರಿಕೊಂಡು ಕೂರಬೇಕು. ಹಾಗೆ ಮಾಡದಿದ್ದರೆ ಎದ್ದಾಗ ನೆರಿಗೆ ಮುದುರಿರುತ್ತದೆ, ಮತ್ತೆ ಇಸ್ತ್ರಿ ಮಾಡಲು ಒಂದು ಸಂಜೆಯೇ ಬೇಕಾಗಬಹುದು.