ಅರ್ಧ ನೀರು, ಅರ್ಧ ಆಕಾಶ: ಸುಗಿಮೊಟೊ ಫೋಟೋಗಳಲ್ಲಿ ಅಂಥದ್ದೇನಿದೆ?

ನಿಮ್ಮ ಪ್ರಶ್ನೆ ಇಷ್ಟು: ಜಪಾನಿನ ಹಿರೋಶಿ ಸುಗಿಮೊಟೊ ತೆಗೆದ ಸಮುದ್ರದ ಫೋಟೋಗಳಲ್ಲಿ ಮೇಲೆ ಆಕಾಶ, ಕೆಳಗೆ ನೀರು, ನಡುವೆ ಒಂದು ಗೆರೆ. ಬಣ್ಣವೂ ಇಲ್ಲ. ಇದನ್ನು ಕಲೆ ಅನ್ನುವುದು ಯಾಕೆ, ಮೊಬೈಲ್ ಇರುವ ಯಾರಾದರೂ ತೆಗೆಯಬಹುದಲ್ವಾ?

ನಾನು ಬೈಂದೂರು ಕಡೆಯವಳು, ಕಡಲು ನೋಡಿಯೇ ಬೆಳೆದವಳು. ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ನೋಡಿದಾಗ ನನಗೂ ಇವುಗಳಲ್ಲಿ ಏನೂ ಕಾಣಲಿಲ್ಲ. ಕಂಡಿದ್ದು 2023ರ ಕೊನೆಯಲ್ಲಿ. ಆಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದೆ. ಹೇವರ್ಡ್ ಗ್ಯಾಲರಿಯಲ್ಲಿ ಸುಗಿಮೊಟೊ ಅವರ ಐದು ದಶಕಗಳ ಕೆಲಸದ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. ಸಮುದ್ರದ ಚಿತ್ರಗಳ ಮುಂದೆ ಸುಮ್ನೆ ಒಂದು ಸುತ್ತು ಹಾಕೋಣ ಅಂತ ಹೋದವಳು ಒಂದು ಗಂಟೆ ಅಲ್ಲೇ ಇದ್ದೆ.

ಎಲ್ಲ ಚಿತ್ರಗಳಲ್ಲೂ ದಿಗಂತದ ಗೆರೆ ಸರಿಯಾಗಿ ಮಧ್ಯದಲ್ಲೇ ಇರುತ್ತದೆ. ಅದು ಬೇಸರ ತರಿಸಬೇಕಿತ್ತು, ಆದರೆ ಆಗುವುದು ಉಲ್ಟಾ. ಎಲ್ಲಿ ನೋಡಬೇಕು ಅಂತ ಕಣ್ಣು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಉಳಿಯುವುದು ವ್ಯತ್ಯಾಸ ಮಾತ್ರ. ಒಂದರಲ್ಲಿ ನೀರಿನ ಮೇಲೆ ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಸುಕ್ಕು. ಇನ್ನೊಂದರಲ್ಲಿ ಮಂಜು ಗೆರೆಯನ್ನೇ ನುಂಗಿದೆ, ನೀರು ಎಲ್ಲಿ ಮುಗಿಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಮತ್ತೊಂದು ರಾತ್ರಿಯದ್ದು, ಕಪ್ಪಿನ ಮೇಲೆ ಕಪ್ಪು. ಅದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಕತ್ತಲೆ ಕೋಣೆಗೆ ಕಣ್ಣು ಹೊಂದಿಕೊಳ್ಳುವಂತೆ ನಿಧಾನಕ್ಕೆ ಅಲೆಗಳು ಮೂಡುತ್ತವೆ. ಬೆಳ್ಳಿಯ ಕಣಗಳಿರುವ ಕಾಗದದ ಮೇಲೆ ಮಾಡಿದ ಪ್ರಿಂಟ್ ಅದು. ಅಷ್ಟೊಂದು ಬಗೆಯ ಬೂದು ಬಣ್ಣ ಮೊಬೈಲ್ ಪರದೆಯಲ್ಲಿ ಬರುವುದೇ ಇಲ್ಲ. ನಿಮಗೆ ಏನೂ ಅನಿಸದಿದ್ದರೆ ತಪ್ಪು ನಿಮ್ಮದಲ್ಲ.

ಈ ಸರಣಿ ಶುರುವಾದದ್ದು 1980ರಲ್ಲಿ. ಟೋಕಿಯೋದಲ್ಲಿ 1948ರಲ್ಲಿ ಹುಟ್ಟಿದ ಸುಗಿಮೊಟೊ ಆಗ ನ್ಯೂಯಾರ್ಕಿನಲ್ಲಿದ್ದರು. ಒಂದು ರಾತ್ರಿ ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಂಡರಂತೆ: ಆದಿಮಾನವ ಕಂಡ ನೋಟವನ್ನು ಇವತ್ತಿನ ಮನುಷ್ಯ ಹಾಗೇ ಕಾಣಬಹುದೇ? ಮೊದಲು ನೆನಪಾದದ್ದು ಬೆಟ್ಟಗಳು, ಫ್ಯೂಜಿ ಮತ್ತು ಹಾಕೋನೆ. ಆದರೆ ಹಾಕೋನೆಯ ತುದಿ ಹಿಂದೆಂದೋ ಕುಸಿದು ಅಲ್ಲೀಗ ಸರೋವರವಿದೆ. ನೆಲ ಬದಲಾಗುತ್ತಲೇ ಇರುತ್ತದೆ. ಬದಲಾಗದೆ ಉಳಿದಿರುವುದು ಸಮುದ್ರದ ಮುಖ ಅಂತ ಅವರಿಗೆ ಹೊಳೆಯಿತು. ಅದೇ ವರ್ಷ ಜಮೈಕಾಕ್ಕೆ ಹೋಗಿ ಕೆರಿಬಿಯನ್ ಸಮುದ್ರವನ್ನು ತೆಗೆದರು.

ಈ ಪ್ರಶ್ನೆ ಗೊತ್ತಾದ ಮೇಲೆ ನನಗೆ ಚಿತ್ರಗಳು ಬೇರೆಯಾಗಿಯೇ ಕಂಡವು. ದೋಣಿ ಯಾಕಿಲ್ಲ? ದೋಣಿ ಬಂದರೆ ಕಾಲ ಬರುತ್ತದೆ. ಮರಳು, ಬಂಡೆ, ತೆಂಗಿನ ಗರಿ ಬಂದರೆ ಊರು ಬರುತ್ತದೆ. ಗ್ರೀಸಿನ ಸೌನಿಯನ್ ಭೂಶಿರದಲ್ಲಿ ಪೊಸೈಡನ್ ದೇವರ ಹಳೆಯ ಗುಡಿಯಿದೆ, ಜಗತ್ತೇ ಅದರ ಫೋಟೋ ತೆಗೆಯಲು ಹೋಗುತ್ತದೆ. 1990ರಲ್ಲಿ ಸುಗಿಮೊಟೊ ಅಲ್ಲಿ ತೆಗೆದ ಚಿತ್ರದಲ್ಲಿ ಅದರ ಒಂದು ಕಂಬವೂ ಇಲ್ಲ, ಬರೀ ನೀರು. ಊರಿನ ಹೆಸರು ಶೀರ್ಷಿಕೆಯಲ್ಲಿ ಮಾತ್ರ ಇರುತ್ತದೆ.

ಈಗ "ಯಾರು ಬೇಕಾದರೂ ತೆಗೆಯಬಹುದು" ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ನಾನೇ ಮಾಡಿ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಊರಿಗೆ ಬಂದಾಗ ಮೊದಲು ಬೀಚಿನಲ್ಲಿ ನಿಂತು ತೆಗೆದೆ. ಕ್ಯಾಮೆರಾ ಮಟ್ಟವಾಗಿ ಹಿಡಿದರೆ ದಿಗಂತ ತಾನಾಗಿ ಮಧ್ಯಕ್ಕೆ ಬರುತ್ತದೆ ನಿಜ. ಆದರೆ ಕೆಳಗಿನ ಅರ್ಧದಲ್ಲಿ ಮರಳು, ನೊರೆ, ಯಾರದ್ದೋ ಚಪ್ಪಲಿ! ಕ್ಯಾಮೆರಾ ಮೇಲೆತ್ತಿದರೆ ಗೆರೆ ಕೆಳಗೆ ಜಾರುತ್ತದೆ. ಬರೀ ನೀರು ಬೇಕಾದರೆ ಎತ್ತರಕ್ಕೆ ಹೋಗಲೇಬೇಕು. ಸುಗಿಮೊಟೊ ಶೀರ್ಷಿಕೆಗಳಲ್ಲಿ ಅಷ್ಟೊಂದು ಭೂಶಿರಗಳೂ ಕಡಿದಾದ ದಡಗಳೂ ಯಾಕೆ ಬರುತ್ತವೆ ಅಂತ ಆಗ ಅರ್ಥವಾಯಿತು. ನಾರ್ವೆಯ ನಾರ್ಡ್ ಕಾಪ್ ಅವುಗಳಲ್ಲೊಂದು, ಅಲ್ಲಿನ ಬಂಡೆ 307 ಮೀಟರ್ ಎತ್ತರ.

ನಾನು ಒತ್ತಿನೆಣೆ ಗುಡ್ಡಕ್ಕೆ ಹೋದೆ. ಮರಳು ಹೋಯಿತು, ದೋಣಿಗಳು ಬಂದವು. ಜನವರಿಯಲ್ಲಿ ಗೆರೆಯ ಉದ್ದಕ್ಕೂ ಟ್ರಾಲರ್‌ಗಳು. ಕೊನೆಗೆ ದಾರಿ ತೋರಿಸಿದ್ದು ನಮ್ಮ ದೊಡ್ಡಪ್ಪ: "ಜೂನಿನಲ್ಲಿ ಬಾ." ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಕಡಲು ಖಾಲಿ. ನಾಲ್ಕು ದಿನ ಮಳೆಯಲ್ಲಿ ಕಾದೆ. ಒಂದು ಸಂಜೆ ಮೋಡ ಸ್ವಲ್ಪ ಬಿಟ್ಟುಕೊಟ್ಟಾಗ ಒಂದು ಚಿತ್ರ ಸಿಕ್ಕಿತು. ಒಂದೇ ಒಂದು.

ನನ್ನದು ಡಿಜಿಟಲ್ ಕ್ಯಾಮೆರಾ. ಸುಗಿಮೊಟೊ ಬಳಸಿದ್ದು 8×10 ಇಂಚಿನ ಫಿಲ್ಮ್ ಹಾಕುವ ಹಳೇ ಕಾಲದ ಬಗೆಯ ದೊಡ್ಡ ಕ್ಯಾಮೆರಾ. ಸಾಮಾನ್ಯ 35 ಎಂಎಂ ಫಿಲ್ಮಿನ ಸುಮಾರು 60 ಪಟ್ಟು ಜಾಗ. ಒಂದು ಹಾಳೆಗೆ ಒಂದೇ ಫೋಟೋ. ಕಪ್ಪು ಬಟ್ಟೆ ಹೊದ್ದು ಹಿಂದಿನ ಗಾಜಿನಲ್ಲಿ ನೋಡಿದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ: ಮೇಲೆ ಕಡಲು, ಕೆಳಗೆ ಆಕಾಶ. ಅದನ್ನೆಲ್ಲ ಹೊತ್ತುಕೊಂಡು ದಡದಿಂದ ದಡಕ್ಕೆ ದಶಕಗಳ ಕಾಲ ತಿರುಗಿದ್ದಾರೆ. ಅಂದಹಾಗೆ, ಇವೆಲ್ಲ ಲಾಂಗ್ ಎಕ್ಸ್‌ಪೋಶರ್, ಅಂದರೆ ಶಟರ್ ತುಂಬ ಹೊತ್ತು ತೆರೆದಿಟ್ಟು ತೆಗೆದವು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಎಲ್ಲವೂ ಹಾಗಲ್ಲ. ಜಮೈಕಾದ ಚಿತ್ರವನ್ನೇ ನೋಡಿ, ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟ. ಶಟರ್ ಜಾಸ್ತಿ ಹೊತ್ತು ತೆರೆದಿದ್ದರೆ ಅದು ಹಾಲಿನ ಕೆನೆಯಾಗುತ್ತಿತ್ತು.

ಆ ಪ್ರದರ್ಶನದ ಪುಸ್ತಕವನ್ನು ದೊಡ್ಡಪ್ಪನಿಗೆ ತೋರಿಸಿದ್ದೆ. ನಲವತ್ತು ವರ್ಷ ಮೀನು ಹಿಡಿದವರು. "ಏನೂ ಇಲ್ಲವಲ್ಲ" ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಸುಕ್ಕುಗಳ ಮೇಲೆ ಬೆರಳಾಡಿಸಿ, ಸಣ್ಣ ಗಾಳಿ, ಈ ಕಡೆಯಿಂದ ಬೀಸುತ್ತಿದೆ ಅಂದರು. ಮುಂದಿನ ಪುಟ ತಿರುಗಿಸಿ ಮಂಜಿನ ಚಿತ್ರ ನೋಡಿ, "ಈ ಹೊತ್ತಿಗೆ ಹೊರಗೆ ಹೋಗಬಾರದು" ಅಂದರು. ಜಪಾನೋ ಜಮೈಕಾವೋ ಅಂತ ಕೇಳಲೇ ಇಲ್ಲ.

ಸುಗಿಮೊಟೊಗೆ ಇದು ಎಳವೆಯಿಂದ ಬಂದ ಗೀಳು. ಜಪಾನಿನ ಕರಾವಳಿಯ ಅಟಾಮಿಯಿಂದ ಒಡವಾರಾಗೆ ರೈಲಿನಲ್ಲಿ ಬರುವಾಗ ಸುರಂಗ ದಾಟಿದ ಕೂಡಲೇ ಸಮುದ್ರ ಕಂಡಿತಂತೆ. ತಾನೊಬ್ಬ ಇಲ್ಲಿದ್ದೇನೆ ಅನ್ನುವ ಅರಿವು ಆಗಲೇ ಮೂಡಿತು ಅಂತ ಅವರು ಬರೆದಿದ್ದಾರೆ. ಕೊಂಕಣ ರೈಲಿನಲ್ಲಿ ಸುರಂಗದಿಂದ ಹೊರಬಿದ್ದಾಗ ಕಣ್ಣಿಗೆ ಬಡಿಯುವ ಬೆಳಕು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಒಡವಾರಾದಲ್ಲಿ ಅವರು ಕಟ್ಟಿಸಿದ ಎನೌರಾ ಅಬ್ಸರ್ವೇಟರಿ ಅನ್ನುವ ಕಲಾ ಕೇಂದ್ರ 2017ರಲ್ಲಿ ತೆರೆಯಿತು. ಅಲ್ಲಿ 100 ಮೀಟರ್ ಉದ್ದದ ಒಂದು ಗ್ಯಾಲರಿಯಿದೆ. ವರ್ಷದ ಅತಿ ಉದ್ದದ ಹಗಲಿನಂದು ಸಮುದ್ರದಿಂದ ಏಳುವ ಸೂರ್ಯನ ದಿಕ್ಕಿಗೇ ಅದನ್ನು ನಿಲ್ಲಿಸಿದ್ದಾರೆ.

ನೀವು ಒಂದು ಕೆಲಸ ಮಾಡಿ. ರಾತ್ರಿ ದೀಪ ಆರಿಸಿ, ಮನೆಯಲ್ಲಿರುವ ದೊಡ್ಡ ಪರದೆಯಲ್ಲಿ ಮೊದಲು ಜಮೈಕಾ, ಆಮೇಲೆ ಸೌನಿಯನ್, ಕೊನೆಗೆ ಯಾವುದಾದರೂ ರಾತ್ರಿಯ ಚಿತ್ರ ತೆಗೆಯಿರಿ. ಝೂಮ್ ಮಾಡಬೇಡಿ. ಒಂದೊಂದಕ್ಕೂ ಎರಡು ನಿಮಿಷ ಕೊಡಿ. ಏನು ಕಂಡಿತು ಅಂತ ನನಗೂ ತಿಳಿಸಿ.